ರೋಬೋಗೆ ಹಾಡು ಹುಡುಕುವುದು ಅಂದರೆ ಖಾಲಿ ಜಾಗ ಹುಡುಕುವುದು

ನನ್ನ ಮೊದಲ ರೋಬೋ ಡ್ಯಾನ್ಸ್ ವಿಡಿಯೋ ಇನ್ನೂ ಫೋನಿನಲ್ಲಿದೆ. ತಲೆ ಸ್ವಲ್ಪ ಜಾಸ್ತಿ ತಿರುಗಿದ ದಿನ ತೆಗೆದು ನೋಡುತ್ತೇನೆ, ತಕ್ಷಣ ನೆಲಕ್ಕಿಳಿಯುತ್ತೇನೆ. ಹಾಡಿನ ತುಂಬ ಬೀಪ್ ಬೀಪ್, ಯಂತ್ರದ ಗರಗರ, ತಗಡಿನ ದನಿಯಲ್ಲಿ ಯಾರೋ ಏನೋ ಎಣಿಸುವುದು. ರೋಬೋ ಕುಣಿತಕ್ಕೆ ರೋಬೋ ಸದ್ದೇ ಸರಿ ಅಂತ ಆಗ ನನ್ನ ಲೆಕ್ಕ. ನೋಡಿದ ತಂಗಿ ಹೇಳಿದ್ದು ಒಂದೇ ಮಾತು: "ಅಣ್ಣಾ, ಬಟ್ಟೆ ಹಿಂಡೋವಾಗ ವಾಷಿಂಗ್ ಮೆಷಿನ್ ಹೀಗೇ ಆಡುತ್ತೆ."

ಅವಳು ಕುಣಿಯುವವಳಲ್ಲ. ಆದರೆ ಮಾತು ಸರಿಯಾಗಿತ್ತು.

ನಾವು ಲೋಟ ಎತ್ತಿಕೊಳ್ಳಲು ಕೈ ಚಾಚಿದಾಗ ಕೈ ನಿಧಾನವಾಗಿ ಹೊರಡುತ್ತದೆ, ನಡುವೆ ವೇಗ ಹಿಡಿಯುತ್ತದೆ, ಲೋಟದ ಹತ್ತಿರ ಮತ್ತೆ ನಿಧಾನವಾಗುತ್ತದೆ. ರೋಬೋ ಕೈಗೆ ಆ ನಯ ಇಲ್ಲ. ಒಂದೇ ವೇಗದಲ್ಲಿ ಬಂದು ಗಕ್ಕನೆ ನಿಲ್ಲಬೇಕು. ನಿಂತ ಮೇಲೆ ಒಂದು ಸಣ್ಣ ನಡುಕ. ಈ ಗಕ್ಕನೆ ನಿಲ್ಲುವುದಕ್ಕೆ ನಮ್ಮಲ್ಲಿ ಡೈಮ್ ಸ್ಟಾಪ್ ಅನ್ನುತ್ತೇವೆ. ಜನರಿಗೆ ರೋಬೋ ಕಾಣಿಸುವುದು ಆ ಕ್ಷಣದಲ್ಲೇ, ಚಲಿಸುವಾಗಲ್ಲ. ಹಾಡಿನ ತುಂಬ ಸದ್ದು ತುರುಕಿದ್ದರೆ ನಾನು ಎಲ್ಲಿ ನಿಂತರೂ ಅದು ನಿಂತ ಹಾಗೆ ಕಾಣುವುದಿಲ್ಲ. ಮುಂದಿನ ಸ್ಟೆಪ್ ಮರೆತ ಹಾಗೆ ಕಾಣುತ್ತದೆ.

ಅದಕ್ಕೇ ಈಗ ಹಾಡು ಕೇಳುವಾಗ ನನ್ನ ಕಿವಿ ಹೋಗುವುದು ಸ್ನೇರ್ ಡ್ರಮ್ಮಿನ ಪೆಟ್ಟು ಆದ ಮೇಲಿನ ಜಾಗಕ್ಕೆ. ಧಂ, ಟಕ್. ಧಂಧಂ, ಟಕ್. ಆ 'ಟಕ್' ಆದ ಮೇಲೆ ಏನಿದೆ? ಏನೂ ಇಲ್ಲದಿದ್ದರೆ ಅರ್ಧ ಕೆಲಸ ಆಯಿತು. ದೊಡ್ಡ ಖಾಲಿ ಕೋಣೆಯಲ್ಲಿ ಬಾರಿಸಿದ ಹಾಗೆ ಸದ್ದು ಎಳೆದುಕೊಂಡು ಹೋದರೆ ಕಷ್ಟ. ಮೈ ನಿಂತಿರುತ್ತದೆ, ಸದ್ದು ಇನ್ನೂ ನಡೆಯುತ್ತಿರುತ್ತದೆ. ಒಣ ಚಪ್ಪಾಳೆಯಂಥ, ಬಾಲವಿಲ್ಲದ ಪೆಟ್ಟು ಬೇಕು.

ಹಳಬರ ಹಾಡು ಕೇಳಿದ ಮೇಲೆ ಇದು ಇನ್ನಷ್ಟು ಸ್ಪಷ್ಟವಾಯಿತು. ಪಾಪಿಂಗ್, ಅಂದರೆ ಬೀಟಿಗೆ ಸರಿಯಾಗಿ ಸ್ನಾಯು ಬಿಗಿದು ಬಿಡುತ್ತ ಕುಣಿಯುವ, ರೋಬೋಗೆ ಹತ್ತಿರದ ಶೈಲಿ, ಬೆಳೆದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಫ್ರೆಸ್ನೋ ಊರಿನ ಬೂಗಲೂ ಸ್ಯಾಮ್ 1977ರಲ್ಲಿ ಕಟ್ಟಿದ ತಂಡವೇ ಮುಂದೆ ಎಲೆಕ್ಟ್ರಿಕ್ ಬೂಗಲೂಸ್ ಆಯಿತು. ಅವರು ಕುಣಿದದ್ದು ಬೀಪ್ ಸದ್ದಿಗಲ್ಲ, ಫಂಕ್ ಅನ್ನುವ, ಬೇಸ್ ಮತ್ತು ಡ್ರಮ್ ಮುಂದಿರುವ ಹಾಡುಗಳಿಗೆ. ಜ್ಯಾಪ್ ತಂಡದ 1980ರ 'ಮೋರ್ ಬೌನ್ಸ್ ಟು ದಿ ಔನ್ಸ್' ಇವತ್ತಿಗೂ ಪಾಪಿಂಗ್ ಕಲಿಯುವವರ ಕಿವಿಗೆ ಬಿದ್ದೇ ಬೀಳುತ್ತದೆ. ಅದರಲ್ಲಿ ಯಂತ್ರದ ಹಾಗೆ ಕೇಳುವ ದನಿ ಒಂದಿದೆ, ಟಾಕ್ ಬಾಕ್ಸ್. ಕೀಬೋರ್ಡಿನ ಸದ್ದನ್ನು ಪ್ಲಾಸ್ಟಿಕ್ ಕೊಳವೆಯಲ್ಲಿ ಬಾಯೊಳಗೆ ತಂದು ತುಟಿ, ನಾಲಿಗೆಯಿಂದ ಅದಕ್ಕೆ ಮಾತಿನ ರೂಪ ಕೊಡುತ್ತಾರೆ. ಸದ್ದು ಯಂತ್ರದ್ದು, ಬಾಯಿ ಮನುಷ್ಯನದು. ನಾವು ಮೈಯಲ್ಲಿ ಮಾಡುವುದನ್ನೇ ಅವರು ಬಾಯಲ್ಲಿ ಮಾಡುತ್ತಾರೆ ಅಲ್ವಾ?

1973ರಲ್ಲಿ 'ಸೋಲ್ ಟ್ರೇನ್' ಟಿವಿ ಕಾರ್ಯಕ್ರಮದಲ್ಲಿ ಹುಡುಗ ಮೈಕೆಲ್ ಜ್ಯಾಕ್ಸನ್ 'ಡ್ಯಾನ್ಸಿಂಗ್ ಮೆಷಿನ್' ಹಾಡುತ್ತ ಮಾಡಿದ ರೋಬೋ ನೋಡಿ. ಹಾಡುವಾಗ ಆತ ಮನುಷ್ಯ. ನಡುವೆ ಸ್ವಲ್ಪ ಹೊತ್ತು ಮಾತ್ರ ಯಂತ್ರ, ಮತ್ತೆ ಮನುಷ್ಯ. ಮೂರು ನಿಮಿಷ ಪೂರ್ತಿ ರೋಬೋ ಆಗಿದ್ದರೆ ಅಷ್ಟು ಜನ ಬೆರಗಾಗುತ್ತಿದ್ದರೋ ಇಲ್ಲವೋ. ಹಾಗಾಗಿ ಒಂದೇ ಲೂಪ್ ಕೊನೆವರೆಗೂ ಸುತ್ತುವ ಟ್ರ್ಯಾಕ್ ನನಗೆ ಬೇಡ. ಎಲ್ಲಾದರೂ ಒಂದು ಕಡೆ ಬೇಸ್ ಮೆದುವಾಗಿ ಹರಿಯಬೇಕು, ಅಲ್ಲಿ ಕೈಯಲ್ಲಿ ಒಂದು ಅಲೆ ಬಿಟ್ಟು ಮತ್ತೆ ಬಿಗಿಯಾಗಬಹುದು.

ವೇಗದ ವಿಷಯದಲ್ಲಿ ನಾನು ಹಟಮಾರಿ. ನಿಮಿಷಕ್ಕೆ 100 ಬೀಟ್ ಅಂದರೆ ಒಂದೊಂದು ಬೀಟಿಗೆ 0.6 ಸೆಕೆಂಡ್. ಹಿಟ್ ಅಂದರೆ ಸ್ನಾಯುವನ್ನು ಬಿಗಿಯುವುದು ಮಾತ್ರ ಅಲ್ಲ, ಸಡಿಲ ಬಿಡುವುದೂ ಸೇರಿ. ಬಿಗಿಯೋದು ಸುಲಭ, ಬಿಡೋದಕ್ಕೇ ಹೊತ್ತು ಬೇಕು. 130ಕ್ಕೆ ಹೋದರೆ ಬೀಟಿಗೆ 0.46 ಸೆಕೆಂಡ್ ಉಳಿಯುತ್ತದೆ, ನನ್ನ ಎದೆ ಸಡಿಲವಾಗುವಷ್ಟರಲ್ಲಿ ಇನ್ನೊಂದು ಪೆಟ್ಟು ಬಂದಿರುತ್ತದೆ. ಡಬ್‌ಸ್ಟೆಪ್ ಅನ್ನುವ ಎಲೆಕ್ಟ್ರಾನಿಕ್ ಸಂಗೀತ 140 ಇರುತ್ತಲ್ಲ ಅನ್ನಬೇಡಿ. ಅದನ್ನು ಎರಡು ಬೀಟಿಗೆ ಒಂದರಂತೆ, 70 ಅಂತ ಎಣಿಸಿಕೊಂಡು ಕುಣಿಯುತ್ತಾರೆ. ನನಗೆ ಅದು ಒಗ್ಗಲಿಲ್ಲ, ಅಷ್ಟೇ.

ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಆರಿಸಿದ ಹಾಡು ಬೀದಿಯಲ್ಲಿ ಬೇರೆಯೇ ಆಗಿಬಿಡುತ್ತದೆ. ಬಯಲಲ್ಲಿ ಸದ್ದನ್ನು ಹಿಡಿದಿಡುವ ಗೋಡೆ ಇಲ್ಲ, ಸಣ್ಣ ಸ್ಪೀಕರಿಗೆ ಆಳದ ಬೇಸ್ ತೆಗೆಯುವ ಶಕ್ತಿ ಇಲ್ಲ. ಯಾವ ಬೇಸ್ ನಂಬಿ ಎದೆ ಕುಣಿಸುತ್ತಿದ್ದೇನೋ ಅದೇ ಮಾಯ. ಅದಕ್ಕೆ ಯಾವ ಟ್ರ್ಯಾಕನ್ನೂ ಮೊದಲು ಫೋನಿನ ಪುಟ್ಟ ಸ್ಪೀಕರಿನಲ್ಲಿ ಹಾಕಿ ಮೇಜು ಕುಟ್ಟಿ ನೋಡುತ್ತೇನೆ. ಕುಟ್ಟಲು ಬಂದರೆ ಸರಿ, ಬರದಿದ್ದರೆ ಎಷ್ಟೇ ಇಷ್ಟವಾದರೂ ಬಿಡುತ್ತೇನೆ. ಇನ್ನೊಂದು ಸಂಗತಿ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಸ್ಪೀಕರ್ ನನ್ನ ಕಾಲ ಬುಡದಲ್ಲಿದ್ದು ನೋಡುವವರು 17 ಮೀಟರ್ ಆಚೆ ನಿಂತರೆ, ಪೆಟ್ಟು ಅವರ ಕಿವಿಗೆ 0.05 ಸೆಕೆಂಡ್ ತಡವಾಗಿ ಮುಟ್ಟುತ್ತದೆ. ಸಣ್ಣದೇ. ಆದರೆ ಈ ಕುಣಿತ ನಿಂತಿರುವುದೇ ಅಂಥ ಸಣ್ಣದರ ಮೇಲೆ. ಜನರನ್ನು ಕೈ ಬೀಸಿ ಹತ್ತಿರ ಕರೆಯುತ್ತೇನೆ.

ಖಾಲಿ ಜಾಗದ ಹುಚ್ಚು ಒಮ್ಮೆ ನನ್ನನ್ನೇ ತಿಂದಿತು. ಒಂದು ಸ್ಪರ್ಧೆಗೆ ಅಂತ ಟ್ರ್ಯಾಕ್ ಕತ್ತರಿಸಿ ನಡುವೆ ನಾಲ್ಕು ಬೀಟ್ ಪೂರ್ತಿ ಮೌನ ಇಟ್ಟಿದ್ದೆ. ಎರಡೂವರೆ ಸೆಕೆಂಡೂ ಇಲ್ಲ. ಸೌಂಡ್ ನೋಡಿಕೊಳ್ಳುತ್ತಿದ್ದ ಪುಣ್ಯಾತ್ಮ ಹಾಡು ನಿಂತೇಹೋಯಿತು ಅಂದುಕೊಂಡು ಮುಂದಿನ ತಂಡದ ಹಾಡು ಒತ್ತಿಬಿಟ್ಟ. ನಾನು ಒಂದು ಕೈ ಚಾಚಿ, ಕತ್ತು ಓರೆ ಮಾಡಿ ನಿಂತಿದ್ದೇನೆ, ಹಿಂದೆ ಕೊಳಲು ಶುರುವಾಯಿತು. ಅಂದಿನಿಂದ ವೇದಿಕೆಗೆ ಕೊಡುವ ಟ್ರ್ಯಾಕಿನ ಮೌನದಲ್ಲಿ ಫ್ಯಾನ್ ತಿರುಗಿದಂಥ ಸಣ್ಣ ಗುಂಯ್ ಸದ್ದು ಸೇರಿಸುತ್ತೇನೆ.

ಬೀದಿಯಲ್ಲಿ ಮಾತ್ರ ಅದನ್ನೂ ಸೇರಿಸುವುದಿಲ್ಲ. ಒಮ್ಮೆ ಹೀಗೇ ಮೌನದಲ್ಲಿ ಮರಗಟ್ಟಿ ನಿಂತಾಗ ಗುಂಪಿನಲ್ಲಿ ಯಾರದೋ ಫೋನ್ ರಿಂಗಾಯಿತು. ಬೇರೆ ಏನೂ ಅಲುಗಿಸದೆ ಕತ್ತನ್ನಷ್ಟೇ ಟಿಕ್, ಟಿಕ್, ಟಿಕ್ ಅಂತ ಮೂರು ಸಲ ತಿರುಗಿಸಿ ಅವರನ್ನೇ ನೋಡಿದೆ. ಅಷ್ಟು ನಗು ನನಗೆ ಅದುವರೆಗೆ ಸಿಕ್ಕಿರಲಿಲ್ಲ. ಸರಿಯಾಗಿ ಆಗ ಹಾಡು ವಾಪಸ್ ಬಂತು.

ಈಗಿನ ಟ್ರ್ಯಾಕಿನಲ್ಲಿ 1 ನಿಮಿಷ 40 ಸೆಕೆಂಡಿಗೆ ಅಂಥದೇ ಜಾಗ ಬಿಟ್ಟಿದ್ದೇನೆ. ಗುಂಪಿನಲ್ಲಿ ನಿಂತುಕೋ, ನಿನ್ನ ಫೋನಿಗೆ ಆ ಹೊತ್ತಿಗೆ ಸರಿಯಾಗಿ ರಿಂಗ್ ಮಾಡಿಸು ಅಂತ ತಂಗಿಯನ್ನು ಕೇಳಿದೆ. "ಅದು ಮೋಸ" ಅಂದಳು. ಆಮೇಲೆ ರಾತ್ರಿ ಅವಳ ಕೋಣೆಯಿಂದ ಒಂದಾದ ಮೇಲೊಂದು ರಿಂಗ್‌ಟೋನ್ ಕೇಳಿಸುತ್ತಿತ್ತು.