ರಾಮನಗರದ ಬೆಟ್ಟ

14 ಡಿಸೆಂಬರ್ 2024, ಶನಿವಾರ

ಸಂಜೆ ಚಿನ್ನು ವಿಡಿಯೊ ಕಾಲ್ ಮಾಡಿದ್ದಳು. ಸೋಮವಾರ ಸ್ಕೂಲಿನಿಂದ ವಂಡರ್‌ಲಾಗೆ ಟ್ರಿಪ್ಪಂತೆ. ಎತ್ತರ ಸಾಲದಿದ್ದರೆ ದೊಡ್ಡ ರೈಡಿಗೆ ಬಿಡಲ್ಲ ಅಲ್ವಾ, ಅದಕ್ಕೆ ಅಡುಗೆಮನೆ ಬಾಗಿಲಿಗೆ ಒರಗಿ ನಿಂತು, ತಲೆ ಮೇಲೆ ಸ್ಕೇಲ್ ಇಟ್ಟು, ಅಕ್ಕನ ಕೈಲಿ ಪೆನ್ಸಿಲ್ ಗೆರೆ ಎಳೆಸಿಕೊಂಡಿದ್ದಾಳೆ. ಎರಡು ಬೆರಳು ಜಾಸ್ತಿಯೇ ಇದ್ದಾಳಂತೆ.

“ಚಿಕ್ಕಿ, ನೀನು ರಿಕಾಯಿಲ್ ರೋಲರ್ ಕೋಸ್ಟರ್ ಹತ್ತಿದ್ದೀಯಲ್ಲ, ಮೇಲಿಂದ ಏನ್ ಕಾಣುತ್ತೆ?”

“ರಾಮನಗರದ ಬೆಟ್ಟ ಕಾಣುತ್ತೆ” ಅಂದುಬಿಟ್ಟೆ.

ಸುಳ್ಳು. ನನಗೆ ಏನೂ ಕಂಡಿಲ್ಲ. ಶುರುವಿನಿಂದ ಕೊನೆ ತನಕ ಕಣ್ಣು ಮುಚ್ಚಿಕೊಂಡಿದ್ದೆ.

2018. ಮೊದಲ ಕೆಲಸ, ಆಫೀಸ್ ಔಟಿಂಗ್. ವಂಡರ್‌ಲಾ ದಾಟಿ ಬಿಡದಿ ತನಕ ಹೋಗಿ, ತಟ್ಟೆ ಇಡ್ಲಿ ತಿಂದು ವಾಪಸ್ ಬಂದಿದ್ದು ಮೊದಲ ತಪ್ಪು. ಮೇಲೆ ಬೆಣ್ಣೆ ಹಾಕಿಸಿಕೊಂಡಿದ್ದು ಎರಡನೆಯದು. ಊರ ಜಾತ್ರೆಯ ತೊಟ್ಟಿಲು ಬಿಟ್ಟರೆ ನಾನು ಅದುವರೆಗೆ ಏನನ್ನೂ ಹತ್ತಿದವಳಲ್ಲ.

ಹೆಗಲ ಮೇಲೆ ಕಂಬಿ ಕಟಕ್ ಅಂತ ಕೂತಿತು. ಮುಂದಕ್ಕೆ ಹೋಗುತ್ತೆ ಅಂದುಕೊಂಡರೆ ಬಂಡಿ ಹಿಂದಕ್ಕೆ ಹೊರಟಿತು. ಬೆನ್ನು ಮೇಲಕ್ಕೆ, ಮುಖ ನೆಲಕ್ಕೆ. ಅಲ್ಲೇ ಕಣ್ಣು ಮುಚ್ಚಿದೆ. ಆಮೇಲೆ ಬರೀ ಸದ್ದು. ಗಾಳಿ, ಕಬ್ಬಿಣ, ಪಕ್ಕದಲ್ಲಿ ರೂಪಾ ಅವಳಮ್ಮನನ್ನು ಕೂಗುತ್ತಿದ್ದದ್ದು.

ಜೋರು ಕಡಿಮೆಯಾಯಿತು. ಮುಗಿಯಿತು ಅಂದುಕೊಂಡೆ. ಎಲ್ಲಿ! ಈ ಸಲ ಅಂಗಾತ ಮಲಗಿದ ಹಾಗೆ ಇದ್ದೆವು, ಸರಪಳಿ ಮೇಲಕ್ಕೆ ಎಳೆಯುತ್ತಿತ್ತು. ರೂಪಾ ಕಿರುಚುವುದನ್ನು ನಿಲ್ಲಿಸಿ ಮೆಲ್ಲಗೆ ಹೇಳಿದಳು, “ಈಗ ಹಿಂದಕ್ಕೆ ಬಿಡ್ತಾರೆ ಕಣೇ.” ಮೊದಲ ಸಲ ಏನಾಗುತ್ತೆ ಅಂತ ಗೊತ್ತಿರಲಿಲ್ಲ. ಈಗ ಗೊತ್ತಿತ್ತು. ಆವತ್ತಿನದ್ದರಲ್ಲಿ ಸರಿಯಾಗಿ ನೆನಪಿರುವುದು ಆ ಕೆಲವು ಸೆಕೆಂಡು ಮಾತ್ರ. ಹೆದರಿಕೆ ಅಂತಲೂ ಅಲ್ಲ. ಮನೆ ಓನರ್ ಬಾಗಿಲು ತಟ್ಟುವಾಗ ಉಸಿರು ಬಿಗಿಹಿಡಿದು ಒಳಗೆ ಕೂತಿರುತ್ತೇವಲ್ಲ, ಹಾಗೆ.

ಇಳಿದ ಮೇಲೆ ಕಾಲು ನನ್ನ ಮಾತು ಕೇಳಲಿಲ್ಲ. “ಸೂಪರ್ ಅಲ್ವಾ?” ಅಂದಳು ರೂಪಾ. “ಸೂಪರ್” ಅಂದೆ. ಸುಳ್ಳು ಶುರುವಾಗಿದ್ದು ಅಲ್ಲಿಂದ. ಆರು ವರ್ಷದಲ್ಲಿ ಎಷ್ಟು ಜನಕ್ಕೆ ಹೇಳಿದ್ದೀನೋ, ಪ್ರತಿ ಸಲ ಸ್ವಲ್ಪ ಬೆಳೆದಿದೆ. ಬೆಟ್ಟ ಸೇರಿದ್ದು ಇವತ್ತೇ.

ಫೋನ್ ಇಟ್ಟ ಮೇಲೆ ವಿಡಿಯೊ ಹುಡುಕಿ ನೋಡಿದೆ. ಆ ಬಂಡಿಗೆ ಎಂಜಿನ್ನೇ ಇಲ್ಲ. ಸುಮಾರು 35 ಮೀಟರ್ ಮೇಲಕ್ಕೆ ಎಳೆದು ಕೈಬಿಡುತ್ತಾರೆ, ಅಷ್ಟೇ. ನೆದರ್‌ಲ್ಯಾಂಡ್ಸ್‌ನ ವೆಕೋಮಾ ಕಂಪನಿಯ ಬೂಮರಾಂಗ್ ಅನ್ನೋ ಮಾದರಿ ಇದು, ಇಂಥವು ಬೇರೆ ದೇಶಗಳಲ್ಲೂ ಹತ್ತಾರು ಇವೆ. ಮುಂದಕ್ಕೆ ಹೋಗುವಾಗ ಮೂರು ಸಲ ತಲೆಕೆಳಗು, ಹಿಂದಕ್ಕೆ ಬರುವಾಗ ಮೂರು ಸಲ. ಒಟ್ಟು ಆರು! ನಾನು ಎರಡೇ ಅಂದುಕೊಂಡಿದ್ದೆ. ಆ ಎರಡನೇ ಏರಿನಲ್ಲಂತೂ ಕಣ್ಣು ಬಿಟ್ಟಿದ್ದರೂ ಕಾಣುತ್ತಿದ್ದದ್ದು ಬರೀ ಆಕಾಶ. ಬೆಟ್ಟ ಎಲ್ಲಿಂದ ಬರಬೇಕು.

ಚಿನ್ನುಗೆ ನಿಜ ಹೇಳಿಬಿಡೋಣ ಅನ್ನಿಸಿತು. ಆಗಲೇ ಹತ್ತು ಗಂಟೆ, ಮಲಗಿರುತ್ತಾಳೆ. ಭಾವ ಬೇರೆ ಇನ್ನೂ ಒಪ್ಪಿಗೆ ಪತ್ರಕ್ಕೆ ಸೈನ್ ಹಾಕಿಲ್ಲವಂತೆ. ನಾಳೆ ಹಾಕಿಸ್ತೀನಿ ಅಂದಳು ಅಕ್ಕ.

ಹೋಗಿ ಬಂದು, ಬೆಟ್ಟ ಎಲ್ಲೂ ಕಾಣಲಿಲ್ಲ ಚಿಕ್ಕಿ ಅಂದರೆ, ಮೋಡ ಇತ್ತೇನೋ ಅಂತ ಹೇಳಬಹುದು. ಆದರೆ ಅವಳೂ ಕಣ್ಣು ಮುಚ್ಚಿಕೊಂಡು ಕೂತಿದ್ದು, ಹೂಂ ಚಿಕ್ಕಿ, ಬೆಟ್ಟ ಕಾಣಿಸ್ತು ಅಂದರೆ