ಮನೇಲಿ ಮಾಡಿದ ದೋಣಿ: ಎಪಾಕ್ಸಿ ಮುಗೀತು, ಎಡಗಡೆ ನೋಡಬೇಡಿ

ಹಿಂದಿನ ಸಲ ಬರೆದಾಗ ದೋಣಿ ಇನ್ನೂ ಬರೀ ಮರ. 12 ಅಡಿ ಉದ್ದ, 6 ಎಂಎಂ ಮರೀನ್ ಪ್ಲೈ (ನೀರು ತಡೆಯುವ ಪ್ಲೈವುಡ್), ತಾಮ್ರದ ತಂತಿ ಹಾಕಿ ಹೊಲಿದದ್ದು. ಈಗ ಎಪಾಕ್ಸಿ (ಎರಡು ದ್ರವ ಕಲಸಿ ಬಳಿದರೆ ಗಟ್ಟಿಯಾಗಿ ನೀರು ತಡೆಯುವ ಅಂಟು) ಬಳಿದು ಮಿರಮಿರ ಹೊಳೆಯುತ್ತಿದೆ. ಬಲಗಡೆ ಮಾತ್ರ.

ಎಡಗಡೆಯ ತಪ್ಪು ನನ್ನದೇ. ಬಿಸಿಲೇರುವ ಮುಂಚೆ ಮುಗಿಸೋಣ ಅಂತ ಭಾನುವಾರ ಬೆಳಿಗ್ಗೆ 8ಕ್ಕೆ ಬಳಿಯಲು ಕೂತೆ. 10 ಗಂಟೆಗೆ ಹರಿಹರದ ಮಾರ್ಚ್ ಬಿಸಿಲು ಶೆಡ್ಡಿನ ತಗಡಿಗೆ ಬಡಿಯಿತು. ಪ್ಲೈ ಕಾದಂತೆಲ್ಲ ಅದರೊಳಗಿನ ಗಾಳಿ ಹಿಗ್ಗಿ ಹೊರಗೆ ಬರುತ್ತದೆ, ಮೇಲೆ ಎಪಾಕ್ಸಿ ಇನ್ನೂ ಹಸಿ, ಗುಳ್ಳೆ ಎದ್ದು, ಒಡೆದು, ಹಾಗೇ ಗಟ್ಟಿಯಾಗಿಬಿಟ್ಟಿತು. ಪಡ್ಡಿನ ಹಂಚು ಥರ ಕುಳಿ ಕುಳಿ. ಬಲಗಡೆಗೆ ಸಂಜೆ 5ರ ಮೇಲೆ ಕೈ ಹಾಕಿದೆ. ಮರ ತಣಿಯುವಾಗ ಗಾಳಿ ಒಳಗೆ ಹೋಗುತ್ತದೆ, ಎಪಾಕ್ಸಿಯನ್ನೂ ಜೊತೆಗೆ ಎಳೆದುಕೊಳ್ಳುತ್ತದೆ. ಒಂದು ಗುಳ್ಳೆ ಇಲ್ಲ! ಎಡಗಡೆ ಉಜ್ಜಿ ಮತ್ತೆ ಬಳಿಯಲು ಎರಡು ಸಂಜೆ ಹೋಯಿತು.

ನಾನು ತಂದ ಎಪಾಕ್ಸಿಗೆ ಹಾರ್ಡನರ್ (ಅದನ್ನು ಗಟ್ಟಿ ಮಾಡುವ ದ್ರವ) ತೂಕದಲ್ಲಿ 100ಕ್ಕೆ 10. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಜಾಸ್ತಿ ಹಾಕಬೇಡಿ, ಬೇಗ ಆಗಲ್ಲ, ಸರಿಯಾಗಿ ಗಟ್ಟಿಯೂ ಆಗಲ್ಲ. ಕಲಸಿದ್ದನ್ನು ಲೋಟದಲ್ಲೇ ಬಿಟ್ಟರೆ ತನ್ನ ಬಿಸಿಗೆ ತಾನೇ ಕಾದು ಹೊಗೆ ಬರುತ್ತದೆ. ನಂದು ಬಂತು. ಈಗ ಅಗಲ ತಟ್ಟೆಗೆ ಸುರಿದುಕೊಳ್ಳುತ್ತೇನೆ (ಅವ್ವನ ತಟ್ಟೆ ಅಲ್ಲ, ಪ್ಲಾಸ್ಟಿಕ್ ತಟ್ಟೆ). ಒಣಗಿದ ಮೇಲೆ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಪಾತ್ರೆ ತಿಕ್ಕುವ ಹಸಿರು ನಾರು, ಬರೀ ನೀರು, ಅಷ್ಟು ಸಾಕು. ಇದನ್ನು ತೊಳೆಯದೆ ಉಜ್ಜಿದರೆ ಉಪ್ಪುಕಾಗದ ಕಟ್ಟಿಕೊಳ್ಳುತ್ತದೆ, ಮುಂದಿನ ಕೋಟ್ ಹಿಡಿಯಲ್ಲ.

ತಳಕ್ಕೆ ಗ್ಲಾಸ್ ಬಟ್ಟೆ (ಗಾಜಿನ ನಾರಿನ ಬಟ್ಟೆ) ಎರಡು ಪದರ. ಬೇಸಿಗೆಯಲ್ಲಿ ತುಂಗಭದ್ರೆ ಇಳಿದಾಗ ಇಲ್ಲಿ ನೀರಿಗಿಂತ ಬಂಡೆಯೇ ಜಾಸ್ತಿ.

ಆಮೇಲೆ ಪರೀಕ್ಷೆ. ಹೊಳೆಗೆ ಒಯ್ದು ಮಾನ ಕಳೆದುಕೊಳ್ಳುವ ಬದಲು, ತಳಕ್ಕೆ ಮರಳು ಚೀಲ ಕೊಟ್ಟು, ದೋಣಿಯೊಳಗೇ 4 ಇಂಚು ನೀರು ನಿಲ್ಲಿಸಿದೆ. ಹಿಂದೆ ಹರಿಗೋಲು ಹಾಕುತ್ತಿದ್ದ ಪಕ್ಕದ ಮನೆ ಅಜ್ಜ ಬಂದು ನಿಂತರು. "ನೀರು ಹೊರಗಿರಬೇಕಲ್ಲೋ?" ಅಂದರು. ಅರ್ಧ ಗಂಟೆಗೆ ಹಿಂದಿನ ಮೂಲೆಯಿಂದ ಟಪ್ ಟಪ್. ತಂತಿ ಕಿತ್ತ ತೂತುಗಳಿಗೆಲ್ಲ ಮರದ ಪುಡಿ ಎಪಾಕ್ಸಿಯಲ್ಲಿ ಕಲಸಿ ತುಂಬಿದ್ದೆ, ಸೀಟಿನ ಪಟ್ಟಿ ಕೆಳಗಿನ ಒಂದೇ ಒಂದು ಉಳಿದಿತ್ತು. "ಡಾಂಬರು ಬಳಿದಿದ್ರೆ ಅವತ್ತೇ ಮುಗೀತಿತ್ತು" ಅಂತ ಅಜ್ಜನ ತೀರ್ಪು. ಹರಿಗೋಲಿಗೆ ಸರಿ, ಆದರೆ ನನಗೆ ಮರದ ಗೆರೆ ಕಾಣಬೇಕಲ್ವಾ.

ನೀರು ಚೆಲ್ಲಿ, ಎರಡು ದಿನ ಒಣಗಿಸಿ, ತೂತು ಮುಚ್ಚಿ, ಮತ್ತೆ ನೀರು ನಿಲ್ಲಿಸಿದೆ. ಬೆಳಗಿನವರೆಗೂ ಹನಿ ಬೀಳಲಿಲ್ಲ.

ಎಪಾಕ್ಸಿಗೆ ಬಿಸಿಲು ಆಗಿಬರಲ್ಲ, ಸುಮ್ನೆ ಬಿಟ್ಟರೆ ಹಳದಿಯಾಗಿ ಸುಣ್ಣದ ಥರ ಪುಡಿ ಏಳುತ್ತದೆ. ಹಾಗಾಗಿ ಒಳಗೆ ಬಿಸಿಲು ತಡೆಯುವ ವಾರ್ನಿಷ್ ಮೂರು ಕೋಟ್, ನಡುನಡುವೆ 220 ನಂಬರ್ ಕಾಗದದಲ್ಲಿ ಮೆಲ್ಲಗೆ ಉಜ್ಜಿದ್ದು. ಹೊರಗೆ ಹಸಿರು ಎನಾಮಲ್. ಬಳಸಿದ ಮೇಲೆ ಮನೆಗೆ ತರುವ ದೋಣಿ, ನೀರಲ್ಲೇ ಬಿಡುವುದಲ್ಲ, ಇಷ್ಟು ಸಾಕು. ಬಣ್ಣ ಕುಳಿಯನ್ನೆಲ್ಲ ಮುಚ್ಚುತ್ತದೆ ಅಂದುಕೊಂಡಿದ್ದೆ, ಉಳಿದಿದ್ದವು ಇನ್ನೂ ಎದ್ದು ಕಾಣುತ್ತಿವೆ.

ಹುಟ್ಟು ಬಾಕಿ. ಸಿಲ್ವರ್ ಓಕ್ ಹಲಗೆ ತಂದಿಟ್ಟಿದ್ದೇನೆ. ಉದ್ದ ಎಷ್ಟಿರಬೇಕು ಅಂತ ಅಜ್ಜನನ್ನೇ ಕೇಳಬೇಕು.