ಕೆಲಸ ಮಾಡೋರ ಡಬ್ಬಿ

ಮೊನ್ನೆ ಭಾನುವಾರ ಗೆಳೆಯನೊಬ್ಬ 13ರ ಸಾಕೆಟ್ ಕೇಳಿಕೊಂಡು ಬಂದ, ಅಂದರೆ 13 ಮಿಲಿಮೀಟರ್ ಬೋಲ್ಟಿನ ತಲೆಗೆ ಟೊಪ್ಪಿಯ ಹಾಗೆ ಕೂರಿಸಿ ತಿರುಗಿಸುವಂಥದ್ದು. ಯಾವುದೋ ಹಳೆ ನೀರಿನ ಪಂಪು ಬಿಚ್ಚುತ್ತಿದ್ದನಂತೆ, ಬೋಲ್ಟು ನೋಡಿದರೆ 13 ಅನ್ನಿಸುತ್ತಂತೆ. ಟೂಲ್‌ಬಾಕ್ಸಿನ ಮೇಲಿನ ಡ್ರಾಯರ್ ಎಳೆದೆ, ತೆಗೆದೆ, ಕೊಟ್ಟೆ. ಅಷ್ಟೇ ಹೊತ್ತಿನ ಕೆಲಸ. ಅವನು ಅದನ್ನು ಜೇಬಿಗೆ ಇಳಿಸಿ, ಡ್ರಾಯರ್ ಒಳಗೆ ಬಗ್ಗಿ ನೋಡಿ, ಸಣ್ಣಗೆ ನಕ್ಕ.

"ಏನ್ ಮಾರಾಯಾ ಇದು, ಒಳ್ಳೆ ಷೋಕೇಸ್ ಇಟ್ಟಂಗೆ ಇಟ್ಟಿದ್ದೀಯ. ಕೆಲಸ ಮಾಡೋರ ಡಬ್ಬಿ ಹೀಗಿರಲ್ಲ ಬಿಡು."

ಹೇಳಿದವನು ಹೊರಟೇ ಹೋದ. ಅವನಿಗೆ ಅದು ಆಗಲೇ ಮರೆತೂ ಹೋಗಿರುತ್ತೆ. ನನಗೆ ಮಾತ್ರ ವಾರ ಕಳೆದರೂ ಹೋಗುತ್ತಿಲ್ಲ. ಸ್ಪ್ಯಾನರ್ ಒರೆಸುವಾಗ ಅದೇ ಮಾತು, ಮಲಗುವಾಗ ಅದೇ ಮಾತು. ಕೆಲಸ ಮಾಡೋರ ಡಬ್ಬಿ ಹೀಗಿರಲ್ಲ ಬಿಡು. ಆ ಕೊನೆಯ 'ಬಿಡು' ಇದೆಯಲ್ಲ, ತೀರ್ಪು ಕೊಟ್ಟು ಫೈಲು ಮುಚ್ಚಿದ ಹಾಗೆ ಹೇಳಿಬಿಟ್ಟ.

ಮನುಷ್ಯ ಕೆಟ್ಟವನಲ್ಲ. ಮಧ್ಯರಾತ್ರಿ ಗಾಡಿ ಕೈಕೊಟ್ಟಿದೆ ಅಂತ ಫೋನ್ ಮಾಡಿದರೆ ಚಪ್ಪಲಿ ಹುಡುಕದೆ ಓಡಿ ಬರುವಂಥವನು. ಆದರೆ ಅವನು ನನ್ನ ಹತ್ತಿರ ಯಾಕೆ ಬಂದಿದ್ದ ಅನ್ನೋದನ್ನೂ ಸ್ವಲ್ಪ ನೋಡಬೇಕಲ್ವಾ? ಅವನ ಹತ್ತಿರವೂ ಪೂರ್ತಿ ಸೆಟ್ ಇದೆ, ನನ್ನದಕ್ಕಿಂತ ಒಳ್ಳೆಯದೇ ಇದೆ, ಕೊಂಡ ಹೊಸತರಲ್ಲಿ ಎಲ್ಲರಿಗೂ ತೋರಿಸಿದ್ದ. ಈಗ ಅದೆಲ್ಲ ಒಂದೇ ದೊಡ್ಡ ಪೆಟ್ಟಿಗೆಯಲ್ಲಿ ರಾಶಿ. ಕೆಲಸ ಶುರು ಅಂದರೆ ಅವನು ಮೊದಲು ಆ ಪೆಟ್ಟಿಗೆಯನ್ನು ನೆಲಕ್ಕೆ ಸುರಿಯುತ್ತಾನೆ. ಆಮೇಲೆ ಕುಕ್ಕರುಗಾಲಲ್ಲಿ ಕೂತು ಕೈಯಾಡಿಸುತ್ತಾನೆ. 12 ಸಿಗುತ್ತೆ, 14 ಸಿಗುತ್ತೆ, 13 ಸಿಗಲ್ಲ. ಅಷ್ಟರಲ್ಲಿ ಕಟಿಂಗ್ ಪ್ಲೇಯರ್ ಸಿಕ್ಕಿ, ಇದನ್ನೇ ಹೋದ ತಿಂಗಳು ಹುಡುಕಿದ್ದೆ ಅಂತ ಖುಷಿಪಡುತ್ತಾನೆ. ಹುಡುಕೋದೂ ಕೆಲಸದ ಲೆಕ್ಕಕ್ಕೆ ಸೇರುತ್ತೆ ಅನ್ನೋದಾದರೆ ಅವನು ನನಗಿಂತ ದೊಡ್ಡ ಕೆಲಸಗಾರ, ಒಪ್ಪಿಕೊಳ್ಳುತ್ತೇನೆ.

ನಿಜ, ಬರೀ ಜೋಡಿಸೋದರಲ್ಲೇ ಸುಖ ಕಾಣುವವರೂ ಇದ್ದಾರೆ. ಲೇಬಲ್ ಅಂಟಿಸಿ, ಲೈಟ್ ಹಾಕಿ, ಫೋಟೋ ತೆಗೆದು, ಒಂದು ನಟ್ಟು ಕೂಡ ಬಿಚ್ಚದವರು. ಅವರನ್ನು ನೋಡಿ ಇವನು ಹಾಗೆ ಹೇಳಿದ್ದರೆ ನಾನೂ ನಗುತ್ತಿದ್ದೆ. ಅಂಥವರ ಡಬ್ಬಿ ನೋಡಿದ ಕೂಡಲೇ ಗೊತ್ತಾಗುತ್ತೆ. ಎಲ್ಲವೂ ಚಿಕ್ಕದರಿಂದ ದೊಡ್ಡದಕ್ಕೆ ಮೆಟ್ಟಿಲಿನ ಹಾಗೆ ನಿಂತಿರುತ್ತೆ, ಹಿಡಿಗಳ ಬಣ್ಣ ಕೂಡ ಹೊಂದಿರುತ್ತೆ. ಕಣ್ಣಿಗೆ ಚೆಂದ, ಕೈಗೆ ಕಷ್ಟ.

ನನ್ನ ಡ್ರಾಯರ್ ಹಾಗಿಲ್ಲ. ಅವನು ಎರಡು ನಿಮಿಷ ನಿಂತು ನೋಡಿದ್ದರೆ ಅವನಿಗೂ ಕಾಣುತ್ತಿತ್ತು. ಮುಂದಿನ ಸಾಲಿನಲ್ಲಿ 8, 10, 12, 13, 14, 17, 19 ಇವೆ. 9, 11, 15, 16 ಹಿಂದಿನ ಸಾಲು. ಅಳತೆಯ ಕ್ರಮ ಕೆಟ್ಟಿದೆ, ಬೇಕಂತಲೇ ಕೆಡಿಸಿದ್ದು. ಜಪಾನಿನ ಗಾಡಿಗಳಲ್ಲಿ 10, 12, 14 ಜಾಸ್ತಿ ಬರುತ್ತೆ, ಯುರೋಪಿನ ಗಾಡಿಗಳಲ್ಲಿ 13 ಪದೇ ಪದೇ ಎದುರಾಗುತ್ತೆ, 11ಕ್ಕೆ ಎಲ್ಲೋ ಅಪರೂಪಕ್ಕೆ ಕೆಲಸ. ದಿನಾ ಬೇಕಾಗೋದು ಕೈಗೆ ಹತ್ತಿರ ಇರಬೇಕು, ಅಷ್ಟೇ. ಡ್ರೈವ್ ಅಂದರೆ ಸಾಕೆಟ್ಟಿಗೆ ಹಿಡಿ ಸಿಕ್ಕಿಸುವ ಚೌಕ ತೂತು. ಕಾಲು ಇಂಚಿನ ಡ್ರೈವ್, 3/8, ಅರ್ಧ ಇಂಚು, ಮೂರಕ್ಕೂ ಸಾಕೆಟ್ ಸಾಲಾಗಿ ಸಿಕ್ಕಿಸಿಡುವ ಬೇರೆ ಬೇರೆ ರೈಲ್. ಆಯಾ ಸಾಲಿನ ಪಕ್ಕದಲ್ಲೇ ಅದನ್ನು ತಿರುಗಿಸುವ ರ‍್ಯಾಚೆಟ್, ಅದರ ಎಕ್ಸ್‌ಟೆನ್ಷನ್. ಕಪ್ಪು ಬಣ್ಣದ ಇಂಪ್ಯಾಕ್ಟ್ ಸಾಕೆಟ್‌ಗಳು ಬೇರೆ ಕಡೆ, ಯಾಕಂದರೆ ಹೊಳೆಯುವ ಕ್ರೋಮ್ ಸಾಕೆಟ್ಟನ್ನು, ಹೊಡೆತ ಕೊಟ್ಟು ಬೋಲ್ಟು ತಿರುಗಿಸುವ ಇಂಪ್ಯಾಕ್ಟ್ ಗನ್ನಿಗೆ ಸಿಕ್ಕಿಸಿದರೆ ಅದು ಒಡೆದು ಚೂರು ಹಾರಬಹುದು. ಅವಸರದಲ್ಲಿ ಕೈ ತಪ್ಪಬಾರದು ಅಂತಲೇ ಅವು ಒಂದೇ ಡ್ರಾಯರಿನಲ್ಲಿಲ್ಲ.

ಇಂಚಿನ ಅಳತೆಯ ಬೋಲ್ಟಿಗೆ ಕೂರುವ ಸಾಕೆಟ್‌ಗಳು ಕೆಳಗಿನ ಡ್ರಾಯರ್, ಕೆಂಪು ಟೇಪು ಸುತ್ತಿದ ರೈಲಿನಲ್ಲಿ. ಇದರ ಬಗ್ಗೆ ನಾನು ಸ್ವಲ್ಪ ಹಠಮಾರಿಯೇ. 19 ಮಿಲಿಮೀಟರಿಗೂ ಮುಕ್ಕಾಲು ಇಂಚಿಗೂ ಇರುವ ವ್ಯತ್ಯಾಸ 0.05 ಮಿಲಿಮೀಟರ್, ಒಂದರ ಬದಲು ಇನ್ನೊಂದು ಹಾಕಿದರೂ ನಡೆದುಹೋಗುತ್ತೆ. ಆದರೆ ಅರ್ಧ ಇಂಚು ಅಂದರೆ 12.7. ಅದರ ಮೇಲೆ 13 ಕೂರಿಸಿದರೆ ಕೂತ ಹಾಗೇ ಅನ್ನಿಸುತ್ತೆ, ಸಲೀಸಾಗಿ ತಿರುಗುವ ಬೋಲ್ಟಾದರೆ ಬಿಚ್ಚಿಯೂ ಬರುತ್ತೆ. ತುಕ್ಕು ಹಿಡಿದು ಕೂತಿದ್ದರೆ ಮಾತ್ರ ಆ 0.3 ಮಿಲಿಮೀಟರ್ ಎಲ್ಲ ಮೂಲೆಗಳನ್ನೂ ಸವೆಸಿ ಬೋಲ್ಟಿನ ತಲೆಯನ್ನು ಗುಂಡಗೆ ಮಾಡಿಬಿಡುತ್ತೆ. ಆಮೇಲೆ ಯಾವ ಸಾಕೆಟ್ಟೂ ಅದನ್ನು ಸರಿಯಾಗಿ ಹಿಡಿಯಲ್ಲ. ಎರಡೂ ಜಾತಿ ಒಂದೇ ರಾಶಿಯಲ್ಲಿದ್ದರೆ ಈ ಅನಾಹುತ ಇವತ್ತಲ್ಲ ನಾಳೆ ಆಗೇ ಆಗುತ್ತೆ.

ಕೆಲಸ ಮಾಡೋರ ಡಬ್ಬಿ ಹೀಗಿರಲ್ಲವಂತೆ. ಗಾಡಿಯ ಕೆಳಗೆ ಮಲಗಿರುವಾಗ, ಒಂದು ಕೈ ಮೇಲೆ ಏನನ್ನೋ ಒತ್ತಿ ಹಿಡಿದಿರುವಾಗ, ಇನ್ನೊಂದು ಕೈ ಚಾಚಿ ನೋಡದೆ 14 ಎತ್ತಿಕೊಳ್ಳೋದು ಏನು ಸುಖ ಅಂತ ಅವನಿಗೆ ಗೊತ್ತಿಲ್ಲ. ಕರೆಂಟ್ ಹೋದಾಗ ನಮ್ಮ ಮನೆಯಲ್ಲೇ ನಡೆದಾಡುವ ಹಾಗೆ ಅದು, ಕಣ್ಣು ಬೇಕಿಲ್ಲ.

ಇನ್ನು ಟಾರ್ಕ್ ರೆಂಚು, ಬೋಲ್ಟು ಎಷ್ಟು ಬಿಗಿಯಬೇಕು ಅಂತ ಮೊದಲೇ ಅಳತೆ ಇಟ್ಟು ಬಿಗಿಯುವಂಥದ್ದು. ಅದಕ್ಕೆ ಪ್ರತ್ಯೇಕ ಡಬ್ಬಿ, ಯಾರಿಗೂ ಕೊಡಲ್ಲ. ಹಿಂದೊಮ್ಮೆ ಇದೇ ಮಹರಾಯ ಒಯ್ದು, ಜಗ್ಗದ ನಟ್ಟನ್ನು ಅದರಲ್ಲೇ ಎಳೆದು ಬಿಚ್ಚಿ, ಸ್ಪ್ರಿಂಗ್ ಪೂರ್ತಿ ಬಿಗಿದ ಸ್ಥಿತಿಯಲ್ಲೇ ವಾಪಸ್ ಕೊಟ್ಟಿದ್ದ. ಇಟ್ಟ ಅಳತೆ ಮುಟ್ಟಿದ ಕೂಡಲೇ ಟಕ್ ಅನ್ನುವ ಆ ಥರದ ರೆಂಚನ್ನು ಕೆಲಸ ಮುಗಿದ ಮೇಲೆ ಅದರ ಅತಿ ಕಡಿಮೆ ಅಳತೆಗೆ ಇಳಿಸಿ ಇಡಬೇಕು, ಇಲ್ಲದಿದ್ದರೆ ಸ್ಪ್ರಿಂಗ್ ಸೋತು ಅಳತೆ ತಪ್ಪುತ್ತೆ. ಅದು ಬಿಗಿ ಮಾಡಲಿಕ್ಕೆ ಇರೋದು, ಕಿತ್ತು ತೆಗೆಯಲಿಕ್ಕಲ್ಲ. ಹೇಳಿದೆ. "ರೆಂಚು ರೆಂಚೇ ಅಲ್ವಾ" ಅಂದ.

ಆದರೆ ನನ್ನನ್ನು ಜಾಸ್ತಿ ಕೆಣಕಿದ್ದು ಬೇರೆ ವಿಷಯ. ಅವನು ಆ ಡ್ರಾಯರಿನಲ್ಲಿ ನೋಡಿದ್ದು ಸಾಮಾನುಗಳನ್ನು. ನಾನು ಅಲ್ಲಿ ನೋಡೋದು ಖಾಲಿ ಗುಳಿಗಳನ್ನು. ಸ್ಪ್ಯಾನರ್, ಪ್ಲೇಯರ್, ಸ್ಕ್ರೂಡ್ರೈವರ್ ಎಲ್ಲದಕ್ಕೂ ಎರಡು ಬಣ್ಣದ ಫೋಮ್ ಹಾಕಿದ್ದೇನೆ, ಮೇಲೆ ಕಪ್ಪು, ಅಡಿಯಲ್ಲಿ ಹಳದಿ. ಒಂದೊಂದಕ್ಕೂ ಅದರದೇ ಆಕಾರದಲ್ಲಿ ಗುಳಿ ಕೊರೆದಿದ್ದೇನೆ. ಏನಾದರೂ ಜಾಗದಲ್ಲಿ ಇಲ್ಲದಿದ್ದರೆ ಹಳದಿ ಕಾಣುತ್ತೆ. ಬಾನೆಟ್ ಮುಚ್ಚುವ ಮೊದಲು, ಎಂಜಿನ್ ಶುರು ಮಾಡುವ ಮೊದಲು, ಒಂದು ಸಲ ಡ್ರಾಯರ್ ನೋಡಬೇಕು. ಹಳದಿ ಕಂಡರೆ ಎಂಜಿನ್ ಶುರು ಮಾಡಲ್ಲ. 10ರ ಸಾಕೆಟ್ ಎಲ್ಲರ ಹತ್ತಿರವೂ ಕಳೆದುಹೋಗುತ್ತೆ ಅಂತ ಜೋಕ್ ಮಾಡುತ್ತಾರೆ. ಬ್ಯಾಟರಿ ಟರ್ಮಿನಲ್ಲಿಗೂ ಅದೇ, ಕವರುಗಳಿಗೂ ಅದೇ, ಬ್ರಾಕೆಟ್ಟಿಗೂ ಅದೇ. ಕೈಯಲ್ಲಿ ಜಾಸ್ತಿ ಓಡಾಡೋದು ಅದು, ಗಾತ್ರವೂ ಚಿಕ್ಕದು, ಬಿದ್ದರೆ ಎಂಜಿನ್ನಿನ ಸಂದಿಗೊಂದಿಯಲ್ಲಿ ಎಲ್ಲೋ ಕೂತುಬಿಡುತ್ತೆ. ಜೋಕ್ ಸರಿ, ಆದರೆ ಅದು ಹೋಗಿ ಬೆಲ್ಟಿಗೆ ಸಿಕ್ಕಿದರೆ ಯಾರಿಗೂ ನಗು ಬರಲ್ಲ.

ವಿಮಾನ ರಿಪೇರಿಯವರು ಇದನ್ನು ನಮ್ಮಷ್ಟು ಹಗುರವಾಗಿ ತಗೊಳ್ಳಲ್ಲ. ಒಂದೊಂದು ಸಾಮಾನಿಗೂ ಗುರುತು, ಒಂದೊಂದಕ್ಕೂ ಲೆಕ್ಕ. ಅಷ್ಟಾಗಿಯೂ 2023ರ ಮಾರ್ಚ್‌ನಲ್ಲಿ ಅಮೆರಿಕದ ಅರಿಜೋನಾದಲ್ಲಿರುವ ಲೂಕ್ ವಾಯುನೆಲೆಯಲ್ಲಿ ಒಂದು ಎಫ್-35 ಯುದ್ಧವಿಮಾನದ ಗಾಳಿ ಸೇದುವ ಬಾಯಿಯಲ್ಲಿ ಒಂದು ಕೈಟಾರ್ಚ್ ಉಳಿದುಬಿಟ್ಟಿತ್ತು. ಎಂಜಿನ್ ಓಡಿಸಿ ಪರೀಕ್ಷೆ ಮಾಡಿದರು. ನಿಲ್ಲಿಸಿದ ಮೇಲೆ ಲೆಕ್ಕ ಹಾಕಿದಾಗ ಟಾರ್ಚ್ ಇಲ್ಲ. ಎಂಜಿನ್ನಿಗೆ ಆದ ನಷ್ಟ ಹತ್ತಿರ ಹತ್ತಿರ 40 ಲಕ್ಷ ಡಾಲರ್. ಲೆಕ್ಕ ಹಾಕಿದ್ದು ನಿಜ, ಆದರೆ ಓಡಿಸುವ ಮೊದಲು ಅಲ್ಲ. ಆಪರೇಷನ್ ಥಿಯೇಟರಿನಲ್ಲೂ ಅಷ್ಟೇ. ರೋಗಿಯನ್ನು ಹೊರಗೆ ಕಳಿಸುವ ಮೊದಲು ಉಪಕರಣ, ಹತ್ತಿಬಟ್ಟೆ, ಸೂಜಿ ಎಲ್ಲ ಎಣಿಸಿ ಸರಿಯಿದೆ ಅಂತ ಜೋರಾಗಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸರ್ಜರಿ ಚೆಕ್‌ಲಿಸ್ಟಿನಲ್ಲೇ ಇದಕ್ಕೊಂದು ಸಾಲಿದೆ. ಅಲ್ಲಿ ಹೋಗಿ ನರ್ಸಮ್ಮನಿಗೆ, ಏನಮ್ಮಾ ಷೋಕೇಸ್ ಥರ ಜೋಡಿಸಿದ್ದೀಯ, ಕೆಲಸ ಮಾಡೋರು ಹೀಗಿರಲ್ಲ ಅಂತ ಹೇಳಲಿ ನೋಡೋಣ.

ನಮಗೆ ಯಾರು ಕಲಿಸಿದರೋ ಗೊತ್ತಿಲ್ಲ, ಚೆಲ್ಲಾಪಿಲ್ಲಿ ಇದ್ದರೆ ಅಲ್ಲಿ ಏನೋ ದೊಡ್ಡ ಕೆಲಸ ನಡೀತಿದೆ ಅಂತ ಅಂದುಕೊಳ್ಳುತ್ತೇವೆ. ಮೇಜಿನ ತುಂಬ ಕಾಗದ ಹರಡಿದವನು ಬುದ್ಧಿವಂತ, ಅವನ್ನು ಸಂಜೆ ಫೈಲಿಗೆ ಹಾಕುವವಳಿಗೆ ಬೇರೆ ಕೆಲಸ ಇಲ್ಲ. ಬಿಚ್ಚಿದವನು ಮೆಕ್ಯಾನಿಕ್, ಒರೆಸಿ ಎತ್ತಿಟ್ಟವನು ಹುಡುಗ. ಎಲ್ಲ ಕಡೆಯೂ ಇಂಥ ಒಬ್ಬರು ಇರುತ್ತಾರೆ. ಸ್ಟೇಪ್ಲರ್ ಎಲ್ಲಿ, ಟೇಪ್ ಎಲ್ಲಿ, ಆ ಹಳೆ ರಸೀದಿ ಎಲ್ಲಿ ಅಂತ ಎಲ್ಲರೂ ಅವರನ್ನೇ ಕೇಳುತ್ತಾರೆ, ಅವರು ಕೂತಲ್ಲಿಂದಲೇ ಹೇಳುತ್ತಾರೆ. ಅವರ ಬೆನ್ನ ಹಿಂದೆ, ಅವರಿಗೆ ಜೋಡಿಸೋ ಹುಚ್ಚು ಮಾರಾಯ್ರೇ ಅಂತ ನಗುತ್ತಾರೆ. ಅವರು ಎರಡು ದಿನ ರಜೆ ಹಾಕಿದರೆ ಮಾತ್ರ ಇಡೀ ಜಾಗ ಪರದಾಡುತ್ತೆ. ಎತ್ತಿಡೋದು ಕೆಲಸ ಮುಗಿದ ಮೇಲಿನ ಕೆಲಸ ಅಂತ ಎಲ್ಲರ ನಂಬಿಕೆ. ನನಗೆ ಅದು ನಾಳೆಯ ಕೆಲಸದ ಮೊದಲ ಭಾಗ ಅನ್ನಿಸುತ್ತೆ, ಇವತ್ತೇ ಮಾಡಿಟ್ಟಿರೋದು.

ಇಷ್ಟೆಲ್ಲ ಅವನೆದುರು ಹೇಳಬೇಕಿತ್ತು. ಆಗ ಹೊಳೀಲಿಲ್ಲ, ಸುಮ್ನೆ ನಕ್ಕು ಕಳಿಸಿದೆ. ಅವನು ಹೋದಮೇಲೆ 13ರ ಖಾಲಿ ಜಾಗಕ್ಕೆ ಒಂದು ಚೀಟಿ ಸಿಕ್ಕಿಸಿದೆ, ಅವನ ಹೆಸರು ಬರೆದು. ಕೊಟ್ಟ ಸಾಮಾನಿಗೆಲ್ಲ ಹಾಗೆ ಮಾಡುತ್ತೇನೆ. ಚೀಟಿ ಬರೆಯೋದು ನೋಡಿದ್ದರೆ ಅದಕ್ಕೂ ಏನೋ ಅನ್ನುತ್ತಿದ್ದ.

ನಿನ್ನೆ ಸಂಜೆ ಫೋನ್ ಮಾಡಿದ. "ನಿನ್ನ 13 ಯಾಕೋ ಸರಿಯಿಲ್ಲ ಕಣೋ, ಲೂಸಾಗಿ ತಿರುಗ್ತಾ ಇದೆ. ಬೋಲ್ಟಿನ ಮೂಲೆ ಬೇರೆ ಸವೀತಾ ಇದೆ." ಹಳೆ ಪಂಪು ಅಂದಿದ್ದು ಆಗ ನೆನಪಾಯಿತು. ಅದು ಇಂಚಿನ ಬೋಲ್ಟು ಇರಬೇಕು, ಇನ್ನು ತಿರುಗಿಸಬೇಡ, ಅಲ್ಲಿಗೇ ನಿಲ್ಲಿಸು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅರ್ಧ ಇಂಚಿನದು ಇದೆಯಾ ಅಂತ ಕೇಳಿದ.

"ಇದೆ. ಕೆಳಗಿನ ಡ್ರಾಯರ್, ಕೆಂಪು ಟೇಪಿನ ರೈಲು, ಎಡದಿಂದ ಮೂರನೆಯದು. ನಾನು ಮನೇಲಿ ಇಲ್ಲದಿದ್ದರೂ ನೀನೇ ತಗೋಬಹುದು. 13 ಮೊದಲು ಅದರ ಜಾಗಕ್ಕೆ ಇಟ್ಟು ಆಮೇಲೆ ತಗೋ."